ಒಂದಗುಳಿಗೆ ಸಿಗದ ಚಿನ್ನ

ಚಿತ್ರದುರ್ಗ ಮತ್ತು ದಾವಣಗೆರೆ ಜಿಲ್ಲೆಗಳ ಕೇಳುಗರೆಲ್ಲರಿಗೂ ನಮಸ್ಕಾರ.

ಹೊಳಲ್ಕೆರೆ, ಹೊನ್ನಾಳಿ, ನ್ಯಾಮತಿಯ ಕಡೆಯಿಂದ ವರ್ಷಕ್ಕೆ ನಾಲ್ಕಾರು ಮಂದಿಯಾದರೂ ಕರವಸ್ತ್ರದಲ್ಲಿ ಒಂದು ಬೆಣಚುಕಲ್ಲನ್ನು ಕಟ್ಟಿಕೊಂಡು ನನ್ನ ಮನೆಗೆ ಬರುತ್ತಾರೆ. ಹೊಲ ಉಳುವಾಗಲೋ ಬಾವಿ ತೋಡುವಾಗಲೋ ಸಿಕ್ಕ ಕಲ್ಲು ಅದು. ಅದರಲ್ಲಿ ಹೊಳೆಯುವುದು ಹೆಚ್ಚಿನ ಸಲ ಕಾಗೆಬಂಗಾರವೆಂದು ನಾವು ಕರೆಯುವ ಅಭ್ರಕ, ಇಲ್ಲವೇ ಗಂಧಕ ಮತ್ತು ಕಬ್ಬಿಣ ಸೇರಿದ, ಹಿತ್ತಾಳೆ ಬಣ್ಣದ ಪೈರೈಟ್. ಅಪರೂಪಕ್ಕೆ ನಿಜವಾದ ಚಿನ್ನವೂ ಇರುತ್ತದೆ. ಗದಗದಿಂದ ಚಿತ್ರದುರ್ಗ ಜಿಲ್ಲೆಯನ್ನು ಹಾದು ದಕ್ಷಿಣಕ್ಕೆ ಸಾಗುವ ಪದರುಶಿಲೆಗಳ ಪಟ್ಟಿಯಲ್ಲಿ ಚಿನ್ನವಿರುವುದು ಹೊಸ ಸಂಗತಿಯಲ್ಲ. ಕಪ್ಪತಗುಡ್ಡದ ಹಳ್ಳಗಳಲ್ಲಿ ಮರಳನ್ನು ತೊಳೆದು ಹೊನ್ನು ತೆಗೆಯುತ್ತಿದ್ದವರಿಗೆ ಜಲಗಾರರೆಂಬ ಹೆಸರೇ ಇತ್ತು. ಆದರೆ ಬಂದವರು ಕೇಳುವ ಪ್ರಶ್ನೆ ಒಂದೇ: "ಸಾರ್, ಇದರ ಪ್ರಕಾರ ಅಲ್ಲಿ ಎಷ್ಟು ಚಿನ್ನ ಇರಬಹುದು?" ಆ ಕಲ್ಲಿನ ಪ್ರಕಾರ ಏನನ್ನೂ ಹೇಳಲಾಗದು ಎಂದರೆ ಮುಖ ಸಣ್ಣದಾಗುತ್ತದೆ.

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದಗುಳು ಹಿಚುಕಿ ನೋಡಿದರೆ ಸಾಕು. ಅನ್ನಕ್ಕೆ ಈ ಮಾತು ಸರಿ, ಚಿನ್ನಕ್ಕೆ ಸಲ್ಲದು. ಪಾತ್ರೆಯ ಅಗುಳುಗಳೆಲ್ಲ ಒಂದೇ ನೀರಿನಲ್ಲಿ, ಒಂದೇ ಉರಿಯಲ್ಲಿ ಬೆಂದಿರುತ್ತವೆ. ಅದಿರಿನೊಳಗಿನ ಚಿನ್ನ ಹಾಗೆ ಹದವಾಗಿ ಹರಡಿರುವುದಿಲ್ಲ. ಅದು ದಾವಣಗೆರೆಯ ಮಂಡಕ್ಕಿಯೊಳಗಿನ ಶೇಂಗಾಬೀಜದಂತೆ. ಮೇಲಿನಿಂದ ಒಂದು ಹಿಡಿ ತೆಗೆದರೆ ಬೀಜವೇ ಸಿಗದಿರಬಹುದು. ಪೊಟ್ಟಣವನ್ನು ನಾಲ್ಕು ಸಲ ಕುಲುಕಿ ತಳಕ್ಕೆ ಕೈಹಾಕಿದವನಿಗೆ ಬೀಜವೇ ಸಿಗಬಹುದು. ಚಿನ್ನವು ಬೆಣಚುಕಲ್ಲಿಗಿಂತ ಏಳು ಪಟ್ಟು ಭಾರವಾದ್ದರಿಂದ, ಕಲ್ಲಿನಿಂದ ಬಿಡಿಸಿಕೊಂಡ ಕಣ ತಳ ಸೇರುವುದು ಇನ್ನೂ ಬೇಗ.

ಟನ್ನಿಗೆ 4 ಗ್ರಾಂ ಚಿನ್ನವಿರುವ ಅದಿರು ಎಂದರೆ ಹತ್ತು ಲಕ್ಷ ಗ್ರಾಂ ಕಲ್ಲಿನಲ್ಲಿ 4 ಗ್ರಾಂ. ಪ್ರಯೋಗಾಲಯದಲ್ಲಿ ಸಾಮಾನ್ಯವಾಗಿ ಒಮ್ಮೆಗೆ ಪರೀಕ್ಷಿಸುವುದು 30 ಅಥವಾ 50 ಗ್ರಾಂ ಪುಡಿಯನ್ನು. ಅದಕ್ಕೆ ಸೀಸದ ಆಕ್ಸೈಡ್, ಸೋಡಾ, ಬೋರಾಕ್ಸ್ ಬೆರೆಸಿ ಕುಲುಮೆಯಲ್ಲಿ ಕರಗಿಸುತ್ತಾರೆ. ಚಿನ್ನವೂ ಬೆಳ್ಳಿಯೂ ಸೀಸವನ್ನು ಸೇರಿ ತಳದಲ್ಲಿ ಅಂಗಿಯ ಗುಂಡಿಯಂತೆ ಕೂರುತ್ತವೆ. ಸೀಸವನ್ನು ಪುಟ್ಟ ಬಟ್ಟಲು ಹೀರಿಕೊಂಡ ಮೇಲೆ ಉಳಿದ ಮಣಿಯಿಂದ ಬೆಳ್ಳಿಯನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸಿ ತೆಗೆದು ಚಿನ್ನವನ್ನು ತೂಗುತ್ತಾರೆ. ಶತಮಾನಗಳಿಂದ ನಡೆದುಬಂದಿರುವ ಈ ವಿಧಾನವನ್ನು ನಾನು ನಂಬುತ್ತೇನೆ. ಆದರೆ ಗಮನಿಸಿ: ಆ 30 ಗ್ರಾಂ ಪುಡಿಯೊಳಗೆ 0.2 ಮಿಲಿಮೀಟರ್ ದಪ್ಪದ ಒಂದೇ ಒಂದು ಚಿನ್ನದ ಕಣ ಬಿದ್ದರೆ ಸಾಕು, ಉತ್ತರದಲ್ಲಿ ಟನ್ನಿಗೆ ಸುಮಾರು 2.7 ಗ್ರಾಂ ಏರುತ್ತದೆ. ಆ ಕಣ ಪಕ್ಕದ ಪೊಟ್ಟಣಕ್ಕೆ ಹೋದರೆ ಅಷ್ಟೂ ಇಳಿಯುತ್ತದೆ. ಕುಲುಮೆ ತಪ್ಪು ಮಾಡಲಿಲ್ಲ, ತಕ್ಕಡಿ ತಪ್ಪು ಮಾಡಲಿಲ್ಲ. ಕೈ ಎಲ್ಲಿ ಹಾಕಿದಿರಿ ಎಂಬುದೇ ಉತ್ತರವನ್ನು ನಿರ್ಧರಿಸಿತು. ಟನ್ನುಗಟ್ಟಲೆ ಅದಿರನ್ನು ಮಾದರಿಯಾಗಿ ತೆಗೆಯುವ ಪದ್ಧತಿ ಹುಟ್ಟಿದ್ದು ಈ ಕಾರಣಕ್ಕೆ.

ಟನ್ನುಗಟ್ಟಲೆ ತೆಗೆದರೂ ಎಡವಬಹುದೆಂಬುದಕ್ಕೆ ನಾನೇ ಸಾಕ್ಷಿ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಗುಡ್ಡದ ಮೇಲೆ ಕಂದಕ ತೋಡಿಸಿ 12 ಟನ್ ಅದಿರು ತೆಗೆಸಿದ್ದೆ. ಬಾಡಿಗೆಯ ಟ್ರ್ಯಾಕ್ಟರು ನಾಲ್ಕು ಸಲ ಗುಡ್ಡ ಇಳಿದು ಅದನ್ನು ಅಂಗಳಕ್ಕೆ ತಂದಿತು. ಪ್ರತಿ ಟ್ರೈಲರಿನ ಅರ್ಧವನ್ನು ಎಡಗಡೆಯ ರಾಶಿಗೆ, ಅರ್ಧವನ್ನು ಬಲಗಡೆಯ ರಾಶಿಗೆ ಹಾಕಿಸಿದೆ. ಎರಡೂ ರಾಶಿಗಳು ಒಂದೇ ಉತ್ತರ ಕೊಟ್ಟರೆ ಕೆಲಸ ಸರಿಯಾಗಿದೆ ಎಂದು ಮೇಲಿನವರಿಗೆ ಎದೆತಟ್ಟಿ ಹೇಳಬಹುದಲ್ಲ! ಎರಡನ್ನೂ ಬೇರೆಬೇರೆಯಾಗಿ ಒಡೆಸಿ, ಗೋಪುರದಂತೆ ರಾಶಿಮಾಡಿ, ಚಪ್ಪಟೆ ಮಾಡಿ, ನಾಲ್ಕು ಪಾಲಾಗಿಸಿ, ಎದುರುಬದುರಿನ ಎರಡು ಪಾಲುಗಳನ್ನು ಇಟ್ಟುಕೊಂಡು ಉಳಿದದ್ದನ್ನು ಬದಿಗೆ ಸರಿಸುತ್ತ, ಪಠ್ಯದಲ್ಲಿ ಓದಿದಂತೆಯೇ ಇಳಿಸುತ್ತ ಬಂದೆ. ಎಡಗಡೆಯ ರಾಶಿ ಟನ್ನಿಗೆ 3.1 ಗ್ರಾಂ ಎಂದಿತು. ಬಲಗಡೆಯದು 5.2 ಎಂದಿತು.

ಪ್ರಯೋಗಾಲಯದವರ ಮೇಲೆ ರೇಗಿದೆ. ಪುಡಿಯನ್ನು ಮತ್ತೆ ಕಳುಹಿಸಿದೆ. ಮತ್ತೆ ಅದೇ ಉತ್ತರ. ಮೂರನೆಯ ಸಲ ಖಾರವಾದ ಪತ್ರ ಬರೆದೆ. ಹೀಗೆ ಒಂದು ತಿಂಗಳು ಕಳೆಯಿತು. ಆಗ ಟ್ರ್ಯಾಕ್ಟರಿನ ಚಾಲಕ ಬಾಕಿ ಬಾಡಿಗೆ ಕೇಳಲು ಬಂದ. ಹಣ ಎಣಿಸಿ ಕೊಟ್ಟರೂ ಆತ ಕದಲಲಿಲ್ಲ. "ಸಾರ್, ಇನ್ನೊಂದಿಪ್ಪತ್ತು ರೂಪಾಯಿ ಸೇರಿಸಿ ಕೊಡ್ರಿ. ನಿಮ್ಮ ಆಳುಗಳು ಕಲ್ಲು ಇಳಿಸಿ ಹೋಗಿಬಿಡೋರು. ತಳದಲ್ಲಿ ಉಳಿದ ಪುಡೀನೆಲ್ಲ ಪ್ರತಿ ಸಲ ನಾನೇ ಗುಡಿಸಿ, ಮೂರು ಮೂರು ಬಾಂಡಲಿ ಆ ಕಡೆ ರಾಶಿಗೆ ಸುರಿದೀನಿ" ಎಂದು ಬಲಗಡೆಗೆ ಕೈ ತೋರಿಸಿದ. ನಾನು ಕುರ್ಚಿಯಿಂದ ಎದ್ದುಬಿಟ್ಟೆ. ಗುಡ್ಡದ ಇಳಿಜಾರಿನಲ್ಲಿ ಕುಲುಕಿ ಕುಲುಕಿ ಟ್ರೈಲರಿನ ತಳ ಸೇರಿದ್ದ ಪುಡಿ, ಅದರೊಂದಿಗೆ ಬಿಡಿ ಚಿನ್ನ, ನಾಲ್ಕು ಸಲವೂ ಒಂದೇ ರಾಶಿಗೆ ಹೋಗಿತ್ತು. ಎರಡನ್ನೂ ಮತ್ತೆ ಒಂದಾಗಿ ಬೆರೆಸಿ, ಈ ಬಾರಿ ತಾಡಪಾಲು ಹಾಸಿ, ಪೊರಕೆ ಹಿಡಿದು ನಾನೇ ನಿಂತು ಪಾಲುಮಾಡಿಸಿದೆ, ಉತ್ತರಗಳು 4.0 ಮತ್ತು 4.3 ಬಂದವು. ಪ್ರಯೋಗಾಲಯಕ್ಕೆ ಕ್ಷಮೆ ಕೇಳಿ ಪತ್ರ ಬರೆದದ್ದು ಆಮೇಲೆ. ಚಾಲಕನಿಗೆ ಇಪ್ಪತ್ತು ರೂಪಾಯಿ ಅಂದೇ ಕೊಟ್ಟೆ.

ಕಥೆ ಉದ್ದವಾಯಿತು, ಲೆಕ್ಕವನ್ನು ಬೇಗ ಹೇಳಿಬಿಡುತ್ತೇನೆ. 12 ಟನ್ ಹಸಿ ಅದಿರಿನಲ್ಲಿ ನೂರಕ್ಕೆ 5ರಷ್ಟು ತೇವವಿದೆ ಎನ್ನಿ. ನೀರಿಗೆ ಚಿನ್ನದ ಬೆಲೆ ಕಟ್ಟಬಾರದು, ಆದ್ದರಿಂದ ಒಣ ತೂಕ 11.4 ಟನ್. ಟನ್ನಿಗೆ 4 ಗ್ರಾಮಿನಂತೆ 45.6 ಗ್ರಾಂ. ಅಷ್ಟೂ ಕೈಗೆ ಬರುವುದಿಲ್ಲ. ನೂರಕ್ಕೆ 85 ಭಾಗ ಬಂದರೆ 38.76 ಗ್ರಾಂ. ಲೆಕ್ಕದ ಅನುಕೂಲಕ್ಕಾಗಿ ಗ್ರಾಮಿಗೆ 10,000 ರೂಪಾಯಿ ಹಿಡಿದರೆ 3,87,600 ರೂಪಾಯಿ. ತೋಡುವ, ಸಾಗಿಸುವ, ಅರೆಯುವ, ಶುದ್ಧಿ ಮಾಡುವ ಖರ್ಚನ್ನೆಲ್ಲ ಇದರಿಂದಲೇ ಕಳೆಯಬೇಕು. ಕೆಲವು ಅದಿರುಗಳಲ್ಲಿ ಚಿನ್ನವು ಪೈರೈಟಿನ ಅಥವಾ ಆರ್ಸೆನಿಕ್ ಖನಿಜದ ಒಳಗೆ ಸಿಕ್ಕಿಕೊಂಡಿರುತ್ತದೆ, ಅದಿರಿನಿಂದ ಚಿನ್ನವನ್ನು ಕರಗಿಸಿ ತೆಗೆಯುವ ಸಯನೈಡ್ ದ್ರಾವಣ ಅದನ್ನು ಮುಟ್ಟಲಾರದು. ಆಗ 85 ಎಂಬ ಅಂಕಿಯೇ ಕುಸಿಯುತ್ತದೆ. ಈ ಲೆಕ್ಕವನ್ನು ಶಾಲೆಯ ಮಕ್ಕಳೂ ಮಾಡಬಲ್ಲರು. ಆದರೆ 4 ಎಂಬ ಆ ಮೊದಲ ಅಂಕಿ ತಳದ ಪುಡಿಯನ್ನೂ ಗುಡಿಸಿ ಸಮವಾಗಿ ಬೆರೆಸಿದ ಮಾದರಿಯಿಂದ ಬಂದಿರಬೇಕು. ನನ್ನ ಎಡಗಡೆಯ ರಾಶಿಯನ್ನು ನಂಬಿದ್ದರೆ ಸುಮಾರು 87,000 ರೂಪಾಯಿ ಕಡಿಮೆ, ಬಲಗಡೆಯದನ್ನು ನಂಬಿದ್ದರೆ 1,16,000 ರೂಪಾಯಿ ಹೆಚ್ಚು ಬರೆಯುತ್ತಿದ್ದೆ, ಅದೂ ಇದ್ದ ಅದಿರಿನಲ್ಲಿ ಒಂದು ಕಣವೂ ಹೆಚ್ಚುಕಡಿಮೆಯಾಗದೆ.

ಒರೆಗಲ್ಲಿಗೆ ತಿಕ್ಕಿ ನೋಡಬಹುದೇ ಎಂದು ಕೇಳುವವರಿದ್ದಾರೆ. ಒರೆಗಲ್ಲು ಒಡವೆಗೆ, ಅದಿರಿಗಲ್ಲ. ಇನ್ನು, ಜಮೀನು ನಿಮ್ಮದೇ ಆದರೂ ಚಿನ್ನಕ್ಕಾಗಿ ಅಗೆಯಲು 1957ರ ಗಣಿ ಮತ್ತು ಖನಿಜ ಕಾಯ್ದೆಯಂತೆ ಸರ್ಕಾರದ ಅನುಮತಿ ಬೇಕು; ಆ ವಿಷಯಕ್ಕೆ ಇಂದು ಸಮಯವಿಲ್ಲ.

ಕರವಸ್ತ್ರದ ಗಂಟಿನೊಂದಿಗೆ ಬರುವವರಿಗೆ ನನ್ನ ಮನೆಯ ಬಾಗಿಲು ಮುಂದೆಯೂ ತೆರೆದಿರುತ್ತದೆ. ಆದರೆ ದಯವಿಟ್ಟು ಹೊಳೆಯುವ ಕಲ್ಲೊಂದನ್ನೇ ಆರಿಸಿ ತರಬೇಡಿ. ಸಿಕ್ಕ ಜಾಗದ ಸರ್ವೆ ನಂಬರನ್ನು ಬರೆದುಕೊಂಡು, ಅದರ ಅಕ್ಕಪಕ್ಕ ಬಿದ್ದಿದ್ದ ಹೊಳಪಿಲ್ಲದ ಕಲ್ಲುಗಳನ್ನೂ, ಅವುಗಳ ಕೆಳಗಿನ ಪುಡಿಯನ್ನೂ ಒಂದು ಚೀಲದಲ್ಲಿ ತುಂಬಿ ತನ್ನಿ. ನಮಸ್ಕಾರ.