ಫ್ಲಾಶ್ ಗಾರ್ಡನ್ ಜಗಳದಲ್ಲಿ ನಾನು ಯಾವ ಕಡೆ

ನಮಸ್ಕಾರ. ಇವತ್ತು ಒಂದೇ ಒಂದು ಸಿನಿಮಾ. 1980ರ ಫ್ಲಾಶ್ ಗಾರ್ಡನ್.

ಈ ಸಿನಿಮಾಗೆ ಏನಾಯಿತು ಅಂತ ಮೊದಲೇ ಹೇಳಿಬಿಡುತ್ತೇನೆ. ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿಗೆ ಇದರ ಹೆಸರು ಮೂರು ಕಡೆ ಬಂತು. ಉಡುಪಿಗೆ, ಸೆಟ್ಟುಗಳ ವಿನ್ಯಾಸಕ್ಕೆ, ಸಂಗೀತಕ್ಕೆ. ಇತ್ತ ಅಮೆರಿಕದಲ್ಲಿ ವರ್ಷದ ಅತಿ ಕೆಟ್ಟ ಕೆಲಸಕ್ಕೆ ಕೊಡುವ ಗೋಲ್ಡನ್ ರಾಸ್ಪ್‌ಬೆರಿ ಅನ್ನುವ ಪ್ರಶಸ್ತಿ ಆಗಷ್ಟೇ ಶುರುವಾಗಿತ್ತು. ಅದರ ಮೊದಲ ಪಟ್ಟಿಯಲ್ಲೇ ಕೆಟ್ಟ ನಟ ಅಂತ ಈ ಚಿತ್ರದ ನಾಯಕ ಸ್ಯಾಮ್ ಜೋನ್ಸ್ ಹೆಸರಿತ್ತು. ಒಂದೇ ಚಿತ್ರ. ಸಮುದ್ರದ ಆ ದಡದಲ್ಲಿ ಹಾರ, ಈ ದಡದಲ್ಲಿ ಚಪ್ಪಲಿ. ನಲವತ್ತು ವರ್ಷ ದಾಟಿದರೂ ಈ ಜಗಳ ಮುಗಿದಿಲ್ಲ. ಇವತ್ತಿಗೂ ಇದನ್ನು ನೋಡಿ ಎದ್ದವರಲ್ಲಿ ಅರ್ಧ ಜನ "ಇದೇನಪ್ಪಾ ಇದು" ಅನ್ನುತ್ತಾರೆ, ಇನ್ನರ್ಧ ಜನ ಮರುದಿನವೇ ಇನ್ನೊಂದು ಸಲ ನೋಡುತ್ತಾರೆ.

ಕಥೆ ಗೊತ್ತಿಲ್ಲದವರಿಗೆ ಬೇಗ ಹೇಳುತ್ತೇನೆ. ಮೊಂಗೊ ಅನ್ನುವ ಲೋಕದ ಚಕ್ರವರ್ತಿ ಮಿಂಗ್. ಅವನಿಗೆ ಬೇಜಾರಾಗಿದೆ. ಬೇಜಾರು ಕಳೆಯುವುದಕ್ಕೆ ಭೂಮಿಯ ಮೇಲೆ ಭೂಕಂಪ, ಬಿರುಗಾಳಿ, ಬಿಸಿ ಆಲಿಕಲ್ಲು ಬಿಡುತ್ತಾನೆ. ಒಂದೊಂದಕ್ಕೂ ಒಂದೊಂದು ಗುಂಡಿ, ಗುಂಡಿಯ ಮೇಲೆ ಇಂಗ್ಲಿಷಿನಲ್ಲೇ ಅದರ ಹೆಸರು. ಫ್ಲಾಶ್ ನ್ಯೂಯಾರ್ಕಿನ ಫುಟ್‌ಬಾಲ್ ಆಟಗಾರ. ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಫುಟ್‌ಬಾಲ್. ಅವನು, ಡೇಲ್ ಅನ್ನುವ ಹುಡುಗಿ, ಝಾರ್ಕೊವ್ ಅನ್ನುವ ವಿಜ್ಞಾನಿ, ಮೂವರೂ ಒಂದು ರಾಕೆಟ್ಟಿನಲ್ಲಿ ಹೋಗಿ ಆ ಲೋಕದಲ್ಲಿ ಬೀಳುತ್ತಾರೆ. ಅಲ್ಲಿ ಕಾಡಿನವರ ರಾಜ ಬೇರಿನ್‌ಗೂ ರೆಕ್ಕೆ ಇರುವ ಹದ್ದು ಮನುಷ್ಯರ ರಾಜ ವಲ್ಟನ್‌ಗೂ ಆಗಿಬರುವುದಿಲ್ಲ. ಅವರನ್ನು ಒಂದು ಮಾಡಿ ಮಿಂಗ್ ಮೇಲೆ ತಿರುಗಿ ಬೀಳುವ ಹಾಗೆ ಮಾಡುತ್ತಾನೆ ಫ್ಲಾಶ್. ಅಷ್ಟೇ ಕಥೆ.

ನಾನು ಮೊದಲ ಸಲ ಇದನ್ನು ಅರ್ಧಕ್ಕೇ ನಿಲ್ಲಿಸಿದೆ. ಮಿಂಗ್‌ನ ಅರಮನೆಯಲ್ಲಿ ಫ್ಲಾಶ್ ಒಂದು ಲೋಹದ ಮೊಟ್ಟೆಯನ್ನು ಕಂಕುಳಲ್ಲಿ ಇಟ್ಟುಕೊಂಡು, ಕಾವಲಿನವರನ್ನೆಲ್ಲ ಎದುರಾಳಿ ತಂಡ ಅಂದುಕೊಂಡು, ಫುಟ್‌ಬಾಲ್ ಆಡುವ ಹಾಗೆ ಗುದ್ದಿಕೊಂಡು ಓಡುತ್ತಾನೆ. ಡೇಲ್ ಪಕ್ಕದಲ್ಲಿ ನಿಂತು ಕುಣಿದು ಹುರಿದುಂಬಿಸುತ್ತಾಳೆ. ಅಲ್ಲಿಗೆ ನನಗೆ ಸಾಕಾಯಿತು. ಲ್ಯಾಪ್‌ಟಾಪ್ ಮುಚ್ಚಿ ಮಲಗಿದೆ. ಆಮೇಲೆ ಎಷ್ಟೋ ದಿನ, ಯಾರಾದರೂ ಕೇಳಿದರೆ, "ಬಿಡಿ, ಅದು ಕೆಟ್ಟದಾಗಿರುವುದಕ್ಕೇ ಫೇಮಸ್" ಅಂತಿದ್ದೆ.

ಆ ಮಾತನ್ನು ಇವತ್ತು ವಾಪಸ್ ತಗೊಳ್ಳಬೇಕು ಅಂತಲೇ ಕೂತಿದ್ದೇನೆ.

ಇಂಥ ಸಿನಿಮಾಗೆ ಇಂಗ್ಲಿಷಿನವರು 'ಕ್ಯಾಂಪ್' ಅನ್ನುತ್ತಾರೆ. ಅತಿಯಾದದ್ದನ್ನೇ ಅಲಂಕಾರ ಮಾಡಿಕೊಂಡ ಕಲೆ ಅಂತ ನಾನು ಅರ್ಥ ಮಾಡಿಕೊಂಡಿದ್ದೇನೆ. ಇದನ್ನು ಬಯ್ಯುವವರು "ಎಲ್ಲ ಅತಿ" ಅನ್ನುತ್ತಾರೆ. ಹೊಗಳುವವರಲ್ಲಿ ಬಹಳ ಜನ "ಅಯ್ಯೋ ಎಷ್ಟು ಕೆಟ್ಟದಾಗಿದೆ, ಅದಕ್ಕೇ ಎಷ್ಟು ಮಜಾ" ಅನ್ನುತ್ತಾರೆ. ಎರಡೂ ಗುಂಪಿನವರು ಒಳಗೊಳಗೇ ಒಂದೇ ವಿಷಯ ನಂಬಿದ್ದಾರೆ. ಇದನ್ನು ಮಾಡಿದವರಿಗೆ ತಾವು ಏನು ಮಾಡುತ್ತಿದ್ದೇವೆ ಅಂತ ಗೊತ್ತಿರಲಿಲ್ಲ, ಕೈತಪ್ಪಿ ಹೀಗಾಯಿತು ಅಂತ. ನನಗೆ ಒಪ್ಪಿಗೆ ಇಲ್ಲದೇ ಇರುವುದು ಅದೇ.

ಯಾರ್‍ಯಾರು ಕೆಲಸ ಮಾಡಿದ್ದಾರೆ ನೋಡಿ. ಆ ಚಿನ್ನದ ಬಣ್ಣ, ಆ ಕೆಂಪು, ಮಿಂಗ್‌ನ ನೆಲ ಗುಡಿಸುವ ನಿಲುವಂಗಿ, ಆ ಸೆಟ್ಟುಗಳು, ಎಲ್ಲ ಡನಿಲೊ ಡೊನಾಟಿ ಅವರದು. ಇಟಲಿಯವರು. ಈ ಚಿತ್ರಕ್ಕೆ ಬರುವ ಹೊತ್ತಿಗೆ ಉಡುಪು ವಿನ್ಯಾಸಕ್ಕೆ ಎರಡು ಆಸ್ಕರ್ ಗೆದ್ದಾಗಿತ್ತು, ಅದರಲ್ಲಿ ಒಂದು ಇಟಲಿಯ ದೊಡ್ಡ ನಿರ್ದೇಶಕ ಫೆಲಿನಿ ಅವರ ಚಿತ್ರಕ್ಕೆ. ಇಲ್ಲಿ ಮಿಂಗ್‌ನ ಮಗಳು ರಾಜಕುಮಾರಿ ಆರಾ ಸಾಕಿಕೊಂಡಿರುವ ಪುಟ್ಟ ಜೀವಿಯ ಹೆಸರೂ ಫೆಲಿನಿಯೇ. ಮಿಂಗ್ ಪಾತ್ರ ಮಾಡಿದ್ದು ಮ್ಯಾಕ್ಸ್ ವಾನ್ ಸಿಡೋ. ಸ್ವೀಡನ್ನಿನ ನಿರ್ದೇಶಕ ಬರ್ಗ್‌ಮನ್ ಚಿತ್ರದಲ್ಲಿ ಸಾವಿನ ಎದುರು ಕೂತು ಚದುರಂಗ ಆಡಿದ ನಟ. ಝಾರ್ಕೊವ್ ಆಗಿ ಇಸ್ರೇಲಿನ ನಟ ಟೋಪೋಲ್. ಬೇರಿನ್ ಆಗಿ ಟಿಮೊತಿ ಡಾಲ್ಟನ್, ಏಳು ವರ್ಷ ಬಿಟ್ಟು ಅವರೇ ಜೇಮ್ಸ್ ಬಾಂಡ್. ಕಾಡಿನವರ ಪೂಜಾರಿಯಾಗಿ ಒಂದು ಸಣ್ಣ ಪಾತ್ರದಲ್ಲಿ ಜಾನ್ ಆಸ್ಬರ್ನ್ ಇದ್ದಾರೆ. ಹೌದು, ಬ್ರಿಟಿಷ್ ರಂಗಭೂಮಿಯನ್ನೇ ಅಲ್ಲಾಡಿಸಿದ ನಾಟಕಕಾರ ಆಸ್ಬರ್ನ್. ಸಂಗೀತ ಬ್ರಿಟನ್ನಿನ ರಾಕ್ ತಂಡ ಕ್ವೀನ್‌ನದು. ನಮ್ಮ ಪಂಚಗನಿಯ ಬೋರ್ಡಿಂಗ್ ಸ್ಕೂಲಿನಲ್ಲಿ ಓದಿದ ಫ್ರೆಡ್ಡಿ ಮರ್ಕ್ಯುರಿ ಇದ್ದ ಕ್ವೀನ್. ಶೀರ್ಷಿಕೆ ಹಾಡು ಆ ತಂಡದ ಗಿಟಾರ್ ವಾದಕ ಬ್ರಯನ್ ಮೇ ಬರೆದದ್ದು, ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಹತ್ತನೇ ಸ್ಥಾನಕ್ಕೆ ಬಂತು. ಇನ್ನು ಛಾಯಾಗ್ರಾಹಕ ಗಿಲ್ಬರ್ಟ್ ಟೇಲರ್. ಮೂರು ವರ್ಷ ಮೊದಲು ಮೊದಲನೇ ಸ್ಟಾರ್ ವಾರ್ಸ್ ಚಿತ್ರೀಕರಿಸಿದ್ದು ಇದೇ ಮನುಷ್ಯ.

ಇದನ್ನು ಸ್ವಲ್ಪ ಯೋಚಿಸಿ. ಬಾಹ್ಯಾಕಾಶವನ್ನು ನಂಬುವ ಹಾಗೆ ತೋರಿಸುವುದು ಹೇಗೆ ಅಂತ ಟೇಲರ್‌ಗೆ ಗೊತ್ತಿತ್ತು. ಒಮ್ಮೆ ತೋರಿಸಿಯೂ ಆಗಿತ್ತು. ಅದೇ ಕೈ ಇಲ್ಲಿ ನೇರಳೆ, ಕಿತ್ತಳೆ, ಹಸಿರು ಆಕಾಶ ತೋರಿಸುತ್ತಿದೆ, ನೀರಿನಲ್ಲಿ ಬಣ್ಣ ಕದಡಿ ಮಾಡಿದ ಮೋಡಗಳು ಉಕ್ಕುತ್ತಾ ಇವೆ ಅಂದರೆ ಅದು ತಿಳಿಯದೆ ಆದ ತಪ್ಪಲ್ಲ, ಬೇಕು ಅಂತಲೇ ಆರಿಸಿಕೊಂಡ ದಾರಿ.

ಸ್ಟಾರ್ ವಾರ್ಸ್ ಮಾತು ಬಂತಲ್ವಾ, ಅಲ್ಲೇ ಇನ್ನೊಂದು ಅನ್ಯಾಯ ಇದೆ. ಫ್ಲಾಶ್ ಗಾರ್ಡನ್ ಅನ್ನುವ ಕಾಮಿಕ್ಸ್ ಶುರುವಾದದ್ದು 1934ರಲ್ಲಿ, ಅಲೆಕ್ಸ್ ರೇಮಂಡ್ ಬರೆದದ್ದು. 1936ರಿಂದ ಥಿಯೇಟರಿನಲ್ಲಿ ವಾರಕ್ಕೊಂದು ಕಂತು ಬರುವ ಧಾರಾವಾಹಿ ಚಿತ್ರಗಳೂ ಬಂದವು. ಅವನ್ನು ನೋಡಿ ಬೆಳೆದ ಜಾರ್ಜ್ ಲೂಕಸ್‌ಗೆ ಫ್ಲಾಶ್ ಗಾರ್ಡನ್ನನ್ನೇ ಸಿನಿಮಾ ಮಾಡುವ ಆಸೆ ಇತ್ತು. ಹಕ್ಕು ಸಿಗಲಿಲ್ಲ. ಸಿಗದಿದ್ದಕ್ಕೇ ಸ್ಟಾರ್ ವಾರ್ಸ್ ಕಟ್ಟಿದರು. ಶುರುವಿನಲ್ಲಿ ಅಕ್ಷರಗಳು ಮೇಲಕ್ಕೆ ಸರಿಯುತ್ತಾ ಹಿಂದಿನ ಕಥೆ ಹೇಳುತ್ತವಲ್ಲ, ಅದು ಆ ಹಳೇ ಧಾರಾವಾಹಿಗಳಿಂದ ಬಂದದ್ದು. ಕೊನೆಗೆ ನಿರ್ಮಾಪಕ ಡಿನೊ ಡಿ ಲಾರೆಂಟಿಸ್ ಫ್ಲಾಶ್ ಗಾರ್ಡನ್ ಬಿಡುಗಡೆ ಮಾಡುವಾಗ 1980ರ ಡಿಸೆಂಬರ್. ಅದೇ ವರ್ಷ ಮೇ ತಿಂಗಳಲ್ಲಿ ಸ್ಟಾರ್ ವಾರ್ಸ್‌ನ ಎರಡನೇ ಚಿತ್ರ ಬಂದಿತ್ತು. ಜನ ಅದರ ಗುಂಗಿನಲ್ಲೇ ಇದ್ದರು. ತಾತನೇ ಮೊಮ್ಮಗನ ಹಿಂದೆ ನಿಂತು, "ನೀನು ಅವನ ನಕಲು" ಅಂತ ಬಯ್ಯಿಸಿಕೊಳ್ಳಬೇಕಾಯಿತು.

ಈಗ ನನಗೆ ವಿರುದ್ಧವಾದ ಸಾಕ್ಷಿ. ಇದನ್ನು ಮುಚ್ಚಿಟ್ಟರೆ ತಪ್ಪಾಗುತ್ತದೆ. ಚಿತ್ರಕಥೆ ಬರೆದ ಲೊರೆಂಜೊ ಸೆಂಪಲ್, 1966ರ ಬ್ಯಾಟ್‌ಮ್ಯಾನ್ ಟಿವಿ ಸರಣಿಯನ್ನು ರೂಪಿಸಿದವರು, ಅವರೇ ಆಮೇಲೆ ಹೇಳಿಕೊಂಡರು: ಡಿನೊಗೆ ಇದು ತಮಾಷೆಯಾಗಿರಬೇಕಿತ್ತು, ಆಗ ನನಗೂ ಸರಿ ಅನ್ನಿಸಿತ್ತು, ಈಗ ನೋಡಿದರೆ ಅದು ದೊಡ್ಡ ತಪ್ಪು. ಬರೆದವರೇ ಹೀಗೆ ಹೇಳಿದ ಮೇಲೆ ಇನ್ನೇನು ವಾದ ಅಂತ ನೀವು ಕೇಳಬಹುದು. ನಿರ್ದೇಶಕ ಮೈಕ್ ಹಾಡ್ಜಸ್ ಕೂಡ ಈ ಬಗೆಯ ಚಿತ್ರಕ್ಕೆ ಹೊಸಬರು. ಅದಕ್ಕೆ ಮೊದಲು 1971ರಲ್ಲಿ ಗೆಟ್ ಕಾರ್ಟರ್ ಮಾಡಿದ್ದರು, ಮೈ ಕೊರೆಯುವಂಥ ಕ್ರೂರ ಅಪರಾಧ ಚಿತ್ರ. ಇಲ್ಲಿ ಬಹಳಷ್ಟನ್ನು ಸೆಟ್ಟಿನಲ್ಲೇ ಹೊಳೆದ ಹಾಗೆ ಮಾಡಿದೆ ಅಂತ ಅವರೂ ಹೇಳಿದ್ದಾರೆ.

ಸೆಂಪಲ್ ಮಾತಿಗೆ ನನ್ನ ಉತ್ತರ ಸ್ಯಾಮ್ ಜೋನ್ಸ್.

ಕೆಟ್ಟ ನಟ ಅಂತ ಪಟ್ಟಿಗೆ ಬಂದರಲ್ಲ, ಅವರೇ. ಸುತ್ತ ಇರುವವರೆಲ್ಲ ಕಣ್ಣರಳಿಸಿ, ಕೈ ಬೀಸಿ, ಮಾತನ್ನು ಎಳೆದು ಆಡುತ್ತಿರುವಾಗ ಈ ಮನುಷ್ಯ ಮಾತ್ರ ಒಂದು ಸಲವೂ ನಮ್ಮ ಕಡೆ ಕಣ್ಣು ಹೊಡೆಯುವುದಿಲ್ಲ. ತನ್ನ ಹೆಸರನ್ನೇ ಎದೆಯ ಮೇಲೆ ಬರೆದುಕೊಂಡ ಟೀ ಶರ್ಟ್ ಹಾಕಿ, ಭೂಮಿ ಉಳಿಸಬೇಕು ಅಂದರೆ ಉಳಿಸಬೇಕು, ಅಷ್ಟೇ. ಆಮೇಲೆ ನಿರ್ಮಾಪಕರ ಜೊತೆ ಜಗಳವಾಗಿ ಜೋನ್ಸ್ ಚಿತ್ರ ಪೂರ್ತಿ ಮುಗಿಯುವ ಮುಂಚೆಯೇ ಹೊರಟುಹೋದರು. ಅವರ ಮಾತುಗಳಲ್ಲಿ ಬಹುಪಾಲು ಬೇರೆ ನಟನ ದನಿಯಲ್ಲಿವೆ. ಅರ್ಧ ತಮ್ಮದಲ್ಲದ ಅಭಿನಯಕ್ಕೆ ಆ ಅವಮಾನ ಅನುಭವಿಸಿದವರು ಅವರು. ನನಗೆ ಇದು ಬೇಸರದ ವಿಷಯ. ಯಾಕೆಂದರೆ ಈ ಚಿತ್ರ ನಿಂತಿರುವುದೇ ಅವರ ಮುಖದ ಮೇಲೆ. ನಾಯಕನೂ ನಗುತ್ತಿದ್ದಿದ್ದರೆ ಇದು ಬರೀ ಅಣಕ ಆಗಿಬಿಡುತ್ತಿತ್ತು, ಹತ್ತು ನಿಮಿಷಕ್ಕೆ ಸುಸ್ತಾಗುತ್ತಿತ್ತು.

ಎರಡನೇ ಸಲ ನೋಡಿದ್ದು ಮಾವನ ಜೊತೆ. ಅಮ್ಮನ ತಮ್ಮ, ಪುತ್ತೂರು ಕಡೆಯವರು, ಅರವತ್ತು ದಾಟಿದೆ. ಪೋಸ್ಟರ್ ನೋಡಿದ ಕೂಡಲೇ, "ಇವನು ಇಂದ್ರಜಾಲದಲ್ಲಿ ಬರುತ್ತಿದ್ದವನಲ್ವಾ?" ಅಂದರು. ಇಂದ್ರಜಾಲ ಕಾಮಿಕ್ಸ್, ಫ್ಯಾಂಟಮ್, ಮಾಂಡ್ರೇಕ್ ಜೊತೆಗೆ ಇವನ ಕಥೆಗಳೂ ಅದರಲ್ಲಿ ಬರುತ್ತಿದ್ದವು. ನೋಡೋಣ ಹಾಕು ಅಂದರು.

ನಾನು ಮೊದಲ ಸಲ ಎಲ್ಲೆಲ್ಲಿ ಮುಜುಗರಪಟ್ಟಿದ್ದೆನೋ ಅಲ್ಲೆಲ್ಲ ಮಾವ ಮುಂದಕ್ಕೆ ಬಗ್ಗಿ ಕೂತರು. ಮಿಂಗ್‌ನ ಆಸ್ಥಾನ ತೆರೆದುಕೊಂಡು, ಒಬ್ಬೊಬ್ಬ ರಾಜನೂ ತನ್ನ ಪರಿವಾರದ ಜೊತೆ ಕಾಣಿಕೆ ತಂದು ನಿಂತಾಗ, "ಒಡ್ಡೋಲಗ" ಅಂದರು. ಆಮೇಲೆ ಬ್ರಯನ್ ಬ್ಲೆಸೆಡ್ ಬಂದರು. ವಲ್ಟನ್. ಆ ಗಡ್ಡ, ಆ ರೆಕ್ಕೆ, ಇಡೀ ಹಾಲ್ ನಡುಗುವ ಆ ಗಂಟಲು. ಮಾವ ತೊಡೆ ತಟ್ಟಿ, "ಒಳ್ಳೇ ಬಣ್ಣದ ವೇಷ!" ಅಂದರು.

ನನಗೆ ಆಗ ತಲೆಯಲ್ಲಿ ಏನೋ ಸರಿಯಾಗಿ ಕೂತಿತು. ಯಕ್ಷಗಾನದಲ್ಲಿ ರಕ್ಕಸ ಬರುವಾಗ ಮೊದಲು ಅಬ್ಬರ ಕೇಳುತ್ತದೆ. ಆಮೇಲೆ ದೊಂದಿ, ಭಗ್ ಅಂತ ಹೊತ್ತುವ ರಾಳದ ಪುಡಿ, ಆಮೇಲೆ ಆಳೆತ್ತರದ ಕಿರೀಟ. ಆ ಕಿರೀಟಕ್ಕೆ ಹಚ್ಚಿದ್ದು ಬೇಗಡೆ ಅಂತ ಬಯಲಲ್ಲಿ ಕೂತವರಿಗೆಲ್ಲ ಗೊತ್ತು. ಯಾರಾದರೂ "ಅತಿ ಆಯಿತು" ಅನ್ನುತ್ತಾರಾ? ಕಡಿಮೆಯಾದರೆ ಬಯ್ಯುತ್ತಾರೆ! ಮುಖದ ತುಂಬ ಬಣ್ಣ ಬರೆದುಕೊಂಡು ಬಂದವನು ಪಿಸುಗುಟ್ಟಿದರೆ ಅದು ತಪ್ಪು. ನಾನು ಮೊದಲ ಸಲ ಈ ಸಿನಿಮಾವನ್ನು ಸ್ಟಾರ್ ವಾರ್ಸ್ ನೋಡುವ ಕಣ್ಣಲ್ಲಿ ನೋಡಿದ್ದೆ. ತಂತಿ ಕಾಣುತ್ತದಾ, ಮಾಡೆಲ್ ನಿಜ ಅನ್ನಿಸುತ್ತದಾ ಅಂತ ಹುಡುಕಿದ್ದೆ. ಮಾವ ಯಕ್ಷಗಾನದ ಆಟ ನೋಡುವ ಕಣ್ಣಲ್ಲಿ ನೋಡಿದರು.

ಬ್ರಿಟನ್ನಿನಲ್ಲಿ ಈ ಚಿತ್ರ ಚೆನ್ನಾಗಿ ಓಡಿತು, ಅಮೆರಿಕದಲ್ಲಿ ಅಂದುಕೊಂಡಷ್ಟು ಓಡಲಿಲ್ಲ. ಅದಕ್ಕೂ ಇದೇ ಕಾರಣ ಇರಬೇಕು ಅನ್ನುವುದು ನನ್ನ ಊಹೆ. ಬ್ರಿಟನ್ನಿನಲ್ಲಿ ಕ್ರಿಸ್‌ಮಸ್ ಸಮಯಕ್ಕೆ ಪ್ಯಾಂಟೊಮೈಮ್ ಅನ್ನುವ ನಾಟಕ ಆಡುತ್ತಾರೆ. ಖಳ ಬಂದ ಕೂಡಲೇ ಮಕ್ಕಳೂ ದೊಡ್ಡವರೂ ಸೇರಿ ಕೂಗಿ ಹೀಯಾಳಿಸಬೇಕು, ಅದೇ ಅದರ ಪದ್ಧತಿ. ಆ ನಾಟಕ ನೋಡಿ ಬೆಳೆದವರಿಗೆ, ಡಿಸೆಂಬರ್ ತಿಂಗಳಲ್ಲಿ ಬಂದ ಮಿಂಗ್‌ನನ್ನು ಯಾರೂ ವಿವರಿಸಿ ಹೇಳಬೇಕಾಗಿರಲಿಲ್ಲ.

ಆದರೆ ಒಂದು ದೂರು ಇದೆ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ, ಕೊಡುವುದಕ್ಕೂ ಹೋಗುವುದಿಲ್ಲ. ಅದು ಮಿಂಗ್‌ನದೇ ವಿಷಯ. ಆ ಇಳಿಬಿದ್ದ ಮೀಸೆ, ಆ ಹುಬ್ಬು, ಆ ಹೆಸರು. ಪೂರ್ವ ದೇಶದವರೆಂದರೆ ಕುಟಿಲರು, ಕ್ರೂರಿಗಳು, ಹೆಣ್ಣಿನ ಮೇಲೆ ಕಣ್ಣು ಹಾಕುವವರು ಅಂತ 1930ರ ಅಮೆರಿಕದಲ್ಲಿ ಹರಡಿದ್ದ ಭಯದಿಂದಲೇ ಈ ಪಾತ್ರ ಹುಟ್ಟಿದ್ದು. ಒಬ್ಬ ಸ್ವೀಡಿಷ್ ನಟ ಆ ವೇಷ ಹಾಕಿದ್ದಾರೆ. 2020ರಲ್ಲಿ ನಲವತ್ತು ವರ್ಷದ ನೆನಪಿಗೆ ಚಿತ್ರ ಮತ್ತೆ ಬಿಡುಗಡೆಯಾದಾಗ ಬ್ರಿಟನ್ನಿನ ಸೆನ್ಸಾರ್ ಮಂಡಳಿ ಇದರಲ್ಲಿ ತಾರತಮ್ಯದ ಚಿತ್ರಣ ಇದೆ ಅಂತ ಎಚ್ಚರಿಕೆ ಸೇರಿಸಿತು. ಕೆಲವು ಅಭಿಮಾನಿಗಳಿಗೆ ಸಿಟ್ಟು ಬಂತು, ಸುಮ್ನೆ ಒಂದು ಮೋಜಿನ ಸಿನಿಮಾಗೆ ಇದೆಲ್ಲ ಯಾಕೆ ಅಂತ. ನನಗೆ ಆ ಎಚ್ಚರಿಕೆ ಸರಿ ಅನ್ನಿಸುತ್ತದೆ. ಬಣ್ಣದ ವೇಷದ ರಕ್ಕಸ ಯಾವ ಊರಿನವನೂ ಅಲ್ಲ. ಮಿಂಗ್ ಹಾಗಲ್ಲ, ನಿಜವಾದ ಜನರ ಮುಖವನ್ನು ಅಣಕಿಸಿ ಮಾಡಿದ ವೇಷ ಅದು. ವಾನ್ ಸಿಡೋ ಎಷ್ಟೇ ಚೆನ್ನಾಗಿ ಮಾಡಿದ್ದರೂ, ತುಂಬಾನೇ ಚೆನ್ನಾಗಿ ಮಾಡಿದ್ದಾರೆ, ಅದು ಮರೆಯಾಗುವುದಿಲ್ಲ. ಡೇಲ್‌ಗೆ ಉಂಗುರ ತೋರಿಸಿ ಮಂಕು ಕವಿಸುವ ದೃಶ್ಯವನ್ನು ಇವತ್ತಿಗೂ ನಾನು ಖುಷಿಯಿಂದ ನೋಡಲಾರೆ. ಈ ಚಿತ್ರವನ್ನು ಇಷ್ಟಪಡುವವರು ಇದನ್ನು ಬೇರೆಯವರು ಹೇಳುವ ತನಕ ಕಾಯಬಾರದು.

ಆಮೇಲೆ ಆ ಯುದ್ಧದ ದೃಶ್ಯ. ಫ್ಲಾಶ್ ಒಬ್ಬನೇ ಒಂದು ರಾಕೆಟ್ ಸೈಕಲ್ ಮೇಲೆ ಕೂತು ಮಿಂಗ್‌ನ ಯುದ್ಧ ನೌಕೆಯನ್ನು ಕೆಣಕುತ್ತಾನೆ. ನೌಕೆ ಬೆನ್ನಟ್ಟಿ ಬರುತ್ತದೆ. ಮೋಡಗಳ ಹಿಂದೆ ವಲ್ಟನ್ ಮತ್ತು ಅವನ ಪಡೆ ಕಾಯುತ್ತಾ ಇದೆ. ವಲ್ಟನ್ ಒಂದು ಕೂಗು ಹಾಕುತ್ತಾನೆ, ಬ್ರಯನ್ ಮೇ ಗಿಟಾರ್ ಏಳುತ್ತದೆ, ರೆಕ್ಕೆಯವರು ಹಿಂಡು ಹಿಂಡಾಗಿ ಕೆಂಪು ಆಕಾಶದಿಂದ ಕೆಳಕ್ಕೆ ಧುಮುಕುತ್ತಾರೆ. ರೆಕ್ಕೆ ಸರಿಯಾಗಿ ಬಡಿಯುವುದಿಲ್ಲ. ಹಿಂದಿನ ಆಕಾಶಕ್ಕೂ ಮುಂದಿನ ಮನುಷ್ಯನಿಗೂ ನಡುವೆ ಗೆರೆ ಕಾಣುತ್ತದೆ. ನನ್ನ ಮೈಯಲ್ಲಿ ರೋಮ ಎದ್ದು ನಿಂತಿತ್ತು. ಮಾವ ಮಾತಾಡಲಿಲ್ಲ.

ಚಿತ್ರದ ಕೊನೆಯಲ್ಲಿ ಮಿಂಗ್‌ನ ಉಂಗುರವನ್ನು ಯಾರದೋ ಕೈ ಎತ್ತಿಕೊಳ್ಳುತ್ತದೆ, ಪರದೆಯ ಮೇಲೆ 'ಮುಗಿಯಿತು' ಅಂತ ಬಂದು ಅದರ ಮುಂದೆ ಒಂದು ಪ್ರಶ್ನೆ ಚಿಹ್ನೆ ಮೂಡುತ್ತದೆ.

"ಮುಂದಿನ ಭಾಗ ಇದೆಯಾ?" ಅಂತ ಮಾವ ಕೇಳಿದರು.

ಇಲ್ಲ ಮಾವ, ಬರಲೇ ಇಲ್ಲ ಅಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹಾಗಾದರೆ ಆ ರೆಕ್ಕೆಯವರು ಇಳಿದು ಬರುವುದನ್ನು ಇನ್ನೊಂದು ಸಲ ಹಾಕು," ಅಂದರು.