‘ಮಿ ಅಮೋರೆ’ ಬೇಡ, ‘ಅಮೋರೆ ಮಿಯೊ’ ಅನ್ನಿ

ಉಂಗುರದ ಒಳಗೆ, ಕಾಫಿ ಮಗ್ ಮೇಲೆ, ಫೋಟೊ ಕೆಳಗೆ ‘ನನ್ನೊಲವೇ’ ಅಂತ ಇಟಾಲಿಯನ್‌ನಲ್ಲಿ ಹೇಳೋಕೆ ‘ಮಿ ಅಮೋರೆ’ ಅಂತ ಬರೆಸ್ತೀರಲ್ಲ, ಅದು ಇಟಾಲಿಯನ್ ಅಲ್ಲವೇ ಅಲ್ಲ. ‘ಮಿ ಅಮೋರ್’ ಸ್ಪ್ಯಾನಿಷ್. ಅದಕ್ಕೆ ಒಂದು ‘ಎ’ಕಾರ ಸೇರಿಸಿದ ಮಾತ್ರಕ್ಕೆ ಇಟಾಲಿಯನ್ ಆಗೋದಿಲ್ಲ. ಇಟಲಿಯವರು ಮುದ್ದಿನಿಂದ ಕರೆಯುವಾಗ ‘ನನ್ನ’ ಅನ್ನೋದು ಕೊನೆಗೆ ಬರುತ್ತೆ: ಅಮೋರೆ ಮಿಯೊ (ನನ್ನೊಲವೇ), ತೆಜೋರೊ ಮಿಯೊ (ನನ್ನ ನಿಧಿಯೇ). ಚಿನ್ನದಲ್ಲಿ ಕೆತ್ತಿಸೋ ಮುಂಚೆ ಇಷ್ಟು ನೋಡಿಕೊಳ್ಳಿ, ಆಮೇಲೆ ತಿದ್ದೋದು ಕಷ್ಟ.

ಇನ್ನೊಂದು ಎಡವಟ್ಟು ಲಿಂಗದ್ದು. ಹೆಂಡತಿಗೆ ಹೇಳೋದು ತಾನೇ ಅಂತ ‘ಅಮೋರೆ ಮಿಯಾ’ ಅಂದುಬಿಡ್ತಾರೆ. ತಪ್ಪು. ಅಮೋರೆ, ತೆಜೋರೊ ಎರಡೂ ಪುಲ್ಲಿಂಗದ ನಾಮಪದ. ಎದುರಿಗೆ ಯಾರೇ ಇರಲಿ, ‘ಮಿಯೊ’ನೇ. ‘ಜೋಯಾ’, ಅಂದರೆ ಸಂತೋಷ, ಸ್ತ್ರೀಲಿಂಗ. ಹಾಗಾಗಿ ಗಂಡನಿಗೂ ‘ಜೋಯಾ ಮಿಯಾ’. ಆಳು ನೋಡಿ ಬದಲಾಗೋದು ಕಾರೊ–ಕಾರಾ (ಪ್ರಿಯ, ಪ್ರಿಯೆ), ಬೆಲ್ಲೊ–ಬೆಲ್ಲಾ (ಸುಂದರ, ಸುಂದರಿ), ಕುಚ್ಚೊಲೊ–ಕುಚ್ಚೊಲಾ ಇಂಥವು. ಕುಚ್ಚೊಲೊ ಅಂದರೆ ನಾಯಿಮರಿ. ಜೋಡಿಗಳು ಒಬ್ಬರನ್ನೊಬ್ಬರು ಕರೆಯೋಕೆ ತುಂಬಾ ಬಳಸ್ತಾರೆ.

ಉಚ್ಚಾರಣೆ ವಿಷಯದಲ್ಲಿ ಕನ್ನಡದವರು ಹೆದರಬೇಕಾಗಿಲ್ಲ. ಒತ್ತಕ್ಷರ ನಮಗೆ ಹುಟ್ಟಿನಿಂದ ಬಂದದ್ದು. ಅಲ್ಲಿ ‘ಕಾರೊ’ ಅಂದರೆ ಪ್ರಿಯ, ‘ಕರ್ರೊ’ ಅಂದರೆ ಗಾಡಿ. ಇಂಗ್ಲಿಷ್ ಮಾತಾಡುವವರು ಒದ್ದಾಡುವ ಈ ವ್ಯತ್ಯಾಸ ನಮ್ಮ ಬಾಯಲ್ಲಿ ಸಲೀಸಾಗಿ ಬರುತ್ತೆ.

ಯಾರಿಗೆ ಏನು ಅನ್ನೋದನ್ನೂ ತಿಳಿದಿರಿ. ಗೆಳತಿಯರು ಒಬ್ಬರಿಗೊಬ್ಬರು ‘ಚಾವ್ ಬೆಲ್ಲಾ’ (ಹಾಯ್ ಸುಂದರಿ) ಅಂತಾರೆ, ಸರಿ. ಅದೇ ಮಾತನ್ನು ಬೀದಿಯಲ್ಲಿ ಗುರುತಿಲ್ಲದ ಹೆಣ್ಣುಮಗಳಿಗೆ ಗಂಡಸು ಅಂದರೆ ಅದು ಚುಡಾಯಿಸೋದು, ದಯವಿಟ್ಟು ಮಾಡಬೇಡಿ. ‘ಕಾರಾ ಮಿಯಾ’ದಲ್ಲೂ ಹುಷಾರು: ದನಿ ಸ್ವಲ್ಪ ಆಚೀಚೆಯಾದರೆ ‘ನೋಡಮ್ಮಾ, ನಿನಗೇನು ಗೊತ್ತು’ ಅನ್ನೋ ಧಾಟಿ ಬಂದುಬಿಡುತ್ತೆ. ತಾಯಿ ಮಗುವನ್ನು ಧಾರಾಳವಾಗಿ ‘ಅಮೋರೆ’ ಅಂತಾಳೆ, ಆದರೆ ‘ತಿ ಆಮೊ’ (ನಿನ್ನನ್ನು ಪ್ರೀತಿಸ್ತೀನಿ) ಸಾಮಾನ್ಯವಾಗಿ ಪ್ರೇಮಿಗಳ ಮಾತು. ಮಕ್ಕಳಿಗೆ, ಅಪ್ಪ ಅಮ್ಮನಿಗೆ, ಸ್ನೇಹಿತರಿಗೆ ‘ತಿ ವೋಲ್ಯೊ ಬೇನೆ’, ಅಂದರೆ ನೀನಂದ್ರೆ ನನಗೆ ಅಕ್ಕರೆ.

ನನಗೆ ಇವೆಲ್ಲದರಲ್ಲಿ ಅತಿ ಪ್ರಿಯವಾದದ್ದು ಯಾವ ರೆಡಿಮೇಡ್ ಪಟ್ಟಿಯಲ್ಲೂ ಸುಲಭಕ್ಕೆ ಸಿಗಲ್ಲ. ದಕ್ಷಿಣ ಇಟಲಿಯಲ್ಲಿ ತಾಯಿ ಮಗುವಿಗೆ ಊಟ ಮಾಡಿಸುವಾಗ ‘ಮಾಂಜಾ, ಆ ಮಮ್ಮಾ’ ಅಂತಾಳೆ. ತಿನ್ನು ಅಂತ ಹೇಳಿ, ತನ್ನನ್ನು ಮಗು ಕರೆಯುವ ಹೆಸರನ್ನೇ ಮಗುವಿಗೆ ಕೊಡೋದು. ನಾವು ‘ಉಣ್ಣಪ್ಪಾ’, ‘ಬಾರಮ್ಮಾ’ ಅನ್ನೋದಕ್ಕೆ ಇದು ಬಲು ಹತ್ತಿರ. ವ್ಯತ್ಯಾಸ ಒಂದೇ: ನಮ್ಮಲ್ಲಿ ಮಗನಾದರೆ ಅಪ್ಪ, ಮಗಳಾದರೆ ಅಮ್ಮ. ಅಲ್ಲಿ ಕರೆಯುವವರು ಯಾರೋ ಅವರದೇ ಹೆಸರು, ಹಾಗಾಗಿ ತಾಯಿಯ ಬಾಯಲ್ಲಿ ಗಂಡುಮಗುವೂ ‘ಮಮ್ಮಾ’.