ಸವೆದ ಪುಡಿಯ ಲೆಕ್ಕ

ಕೇಳುಗರಿಗೆ ನಮಸ್ಕಾರ. ಸೊಂಟದ ಕೀಲು ಬದಲಿಸಬೇಕೆಂದು ಡಾಕ್ಟರು ಹೇಳಿದ ಕೂಡಲೇ ಮನೆಯಲ್ಲಿ ಏಳುವ ಪ್ರಶ್ನೆ, ‘ಯಾವುದು ಗಟ್ಟಿ, ಮೆಟಲ್ಲೋ ಸೆರಾಮಿಕ್ಕೋ?’ ಗಟ್ಟಿತನಕ್ಕಿಂತ ಮುಖ್ಯವಾದದ್ದು, ತೊಡೆಮೂಳೆಯ ತುದಿಗೆ ಹಾಕುವ ಚೆಂಡು ಸೊಂಟದ ಮೂಳೆಯಲ್ಲಿ ಕೂರಿಸಿದ ಬಟ್ಟಲಿಗೆ ಉಜ್ಜಿದಾಗ ಉದುರುವ ಪುಡಿ.

ಇಂಗ್ಲೆಂಡಿನ ರೈಟಿಂಗ್‌ಟನ್ ಆಸ್ಪತ್ರೆಯ ಜಾನ್ ಚಾರ್ನ್ಲಿ 1950ರ ದಶಕದ ಕೊನೆಯಲ್ಲಿ ಟೆಫ್ಲಾನ್ ಬಟ್ಟಲು ಕೂರಿಸಿದರು. ಹೌದು, ದೋಸೆ ಕಾವಲಿಗೆ ಬಳಿಯುವ ಟೆಫ್ಲಾನೇ. ಚೆನ್ನಾಗಿ ಜಾರಿತು, ಆದರೆ ಕೆಲವೇ ವರ್ಷಗಳಲ್ಲಿ ಸವೆಯಿತು, ಪುಡಿ ಸುತ್ತಲಿನ ಮಾಂಸವನ್ನು ಕೆರಳಿಸಿತು. ಆ ಪುಡಿಯನ್ನು ಅವರು ತಮ್ಮ ತೊಡೆಗೇ ಚುಚ್ಚಿಕೊಂಡು ಪರೀಕ್ಷಿಸಿದರು! 1962ರಲ್ಲಿ ಬಟ್ಟಲಿಗೆ ಪಾಲಿಎಥಿಲೀನ್ ಎಂಬ ಪ್ಲಾಸ್ಟಿಕ್ ಬಂತು. ಚೆಂಡು 22.225 ಮಿಲಿಮೀಟರಿನ ಉಕ್ಕಿನದು.

ಅಷ್ಟು ಚಿಕ್ಕದೇಕೆ? ವರ್ಷಕ್ಕೆ 0.1 ಮಿ.ಮೀ. ಸವೆದರೆ ಆ ಚೆಂಡು ಉದುರಿಸುವ ಪುಡಿ ಸುಮಾರು 39 ಘನ ಮಿ.ಮೀ. ಅಷ್ಟೇ ಆಳ ಸವೆದರೂ 36 ಮಿ.ಮೀ. ಚೆಂಡಿನ ಕೆಳಗೆ ಅದು 102 ಆಗುತ್ತದೆ. ದೊಡ್ಡ ಚೆಂಡು ಸುಲಭಕ್ಕೆ ಕೀಲು ತಪ್ಪುವುದಿಲ್ಲ. ಆ ಅನುಕೂಲಕ್ಕೆ ತೆರುವ ಬೆಲೆ ಇದು. ಈ ಕಣಗಳಲ್ಲಿ ಹೆಚ್ಚಿನವು ಒಂದು ಮೈಕ್ರಾನಿಗಿಂತ, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕಿಂತ, ಸಣ್ಣವು. ಮೈಯ ಭಕ್ಷಕ ಕೋಶಗಳು ಇವನ್ನು ನುಂಗುತ್ತವೆ, ಅರಗಿಸಲಾಗದೆ ಕೆರಳುತ್ತವೆ, ಅವು ಸ್ರವಿಸುವ ರಾಸಾಯನಿಕಗಳಿಂದ ಪಕ್ಕದ ಮೂಳೆ ಕರಗುತ್ತದೆ. ಕೀಲು ಸಡಿಲವಾಗುವವರೆಗೆ ನೋವೇ ಇರದಿರಬಹುದು.

ಹಳೆಯ ಲೈನರ್‌ಗಳಿಗೆ, ಅಂದರೆ ಬಟ್ಟಲಿನ ಪ್ಲಾಸ್ಟಿಕ್ ಒಳಪದರಗಳಿಗೆ, ಇನ್ನೊಂದು ಶಾಪವಿತ್ತು. ಗಾಳಿಯಲ್ಲೇ ಗಾಮಾ ಕಿರಣ ಹಾಯಿಸಿ ಕ್ರಿಮಿಶುದ್ಧಿ ಮಾಡುತ್ತಿದ್ದರು. ಕಿರಣ ಉಳಿಸಿದ ರಾಡಿಕಲ್‌ಗಳು, ಅಂದರೆ ಕೊಂಡಿ ಕಡಿದ ಚುರುಕು ಅಣುತುಣುಕುಗಳು, ಆಮ್ಲಜನಕದೊಡನೆ ಕೂಡಿ, ಡಬ್ಬಿಯಲ್ಲಿದ್ದಾಗಲೇ ಪ್ಲಾಸ್ಟಿಕ್ಕನ್ನು ಪೆಡಸುಗೊಳಿಸುತ್ತಿದ್ದವು. ಅಣುಸರಪಳಿಗಳನ್ನು ಒಂದಕ್ಕೊಂದು ಹೆಣೆದ ಈಗಿನ ಕ್ರಾಸ್‌ಲಿಂಕ್ ಪಾಲಿಎಥಿಲೀನ್‌ಗೆ ಸಾಮಾನ್ಯವಾಗಿ 50ರಿಂದ 100 ಕಿಲೋಗ್ರೇ ವಿಕಿರಣ ಕೊಟ್ಟು, ಕರಗಿಸಿಯೋ ಕಾಯಿಸಿಯೋ ರಾಡಿಕಲ್‌ಗಳನ್ನು ತಗ್ಗಿಸುತ್ತಾರೆ. ಕೆಲವರು ವಿಟಮಿನ್ ಇ ಬೆರೆಸುತ್ತಾರೆ. ಸವೆತ ಬಹಳ ಇಳಿಯಿತು. ಬಿರುಕು ತಡೆಯುವ ಶಕ್ತಿ ಮಾತ್ರ ತುಸು ಕಡಿಮೆಯಾಯಿತು. ಬಟ್ಟಲನ್ನು ತೀರಾ ನೆಟ್ಟಗೆ ಕೂರಿಸಿದರೆ, ಲೈನರ್‌ನ ತೆಳು ಅಂಚು ಸೀಳುವುದು ಇದರಿಂದಲೇ.

ಸೆರಾಮಿಕ್ ಚೆಂಡು ಸವೆಯುವುದು ಅತಿ ಕಡಿಮೆ. ಎರಡೂ ಕಡೆ ಸೆರಾಮಿಕ್ ಆದರೆ ಕೆಲವೊಮ್ಮೆ ಕಿರುಗುಟ್ಟುತ್ತದೆ. ಸೆರಾಮಿಕ್ ಚೆಂಡಿನ ಆಯಸ್ಸು ಬಹುಮಟ್ಟಿಗೆ ಆಪರೇಷನ್ ಮೇಜಿನ ಮೇಲೆ ನಿರ್ಧಾರವಾಗುತ್ತದೆ. ತೊಡೆಮೂಳೆಯೊಳಗೆ ಇಳಿಸುವ ಲೋಹದ ಕಡ್ಡಿಯೇ ಸ್ಟೆಮ್; ಅದರ ತುದಿಯಲ್ಲಿ ಚೆಂಡು ಸಿಕ್ಕಿಸುವ ಶಂಕುವಿನಾಕಾರದ ಭಾಗವಾದ ಟೇಪರ್ ಅನ್ನು ತೊಳೆದು ಒಣಗಿಸಿರಬೇಕು. ರಕ್ತ, ಕೊಬ್ಬು, ಮೂಳೆಯ ಚೂರು ನಡುವೆ ಸಿಕ್ಕರೆ ಒತ್ತಡವೆಲ್ಲ ಆ ಒಂದೇ ಬಿಂದುವಿಗೆ ಬಿದ್ದು ಚೆಂಡು ಒಡೆಯಬಹುದು. ಕೈಯಿಂದ ತಿರುಚಿ ಕೂರಿಸಿ, ಪ್ಲಾಸ್ಟಿಕ್ ತುದಿಯ ಇಂಪ್ಯಾಕ್ಟರ್ (ಏಟನ್ನು ಚೆಂಡಿಗೆ ದಾಟಿಸುವ ಕೋಲು) ಇಟ್ಟು, ಟೇಪರಿನ ನೇರಕ್ಕೆ ಏಟು ಹಾಕಬೇಕು. ಸುತ್ತಿಗೆ ನೇರವಾಗಿ ಚೆಂಡಿಗೆ ತಾಗಕೂಡದು. ಒಡೆದರೆ ಆ ಜಾಗಕ್ಕೆ ಮತ್ತೆ ಮೆಟಲ್ ಚೆಂಡು ಹಾಕುವುದು ದೊಡ್ಡ ತಪ್ಪು: ಉಳಿದ ಚೂರುಗಳು ಅದನ್ನು ಅರದಂತೆ ತಿನ್ನುತ್ತವೆ. ಕೀಲಿನ ಒಳಪೊರೆಯನ್ನು ಆದಷ್ಟೂ ಕೆರೆದು ತೆಗೆದು, ಟೇಪರಿಗೂ ಚೆಂಡಿಗೂ ನಡುವೆ ಟೈಟಾನಿಯಂ ಕವಚವಿರುವ ಸೆರಾಮಿಕ್ ಚೆಂಡನ್ನೇ ಕೂರಿಸುತ್ತಾರೆ.

ಮೆಟಲ್ ಮೇಲೆ ಮೆಟಲ್ ಜೋಡಿಯಲ್ಲಿ ಉದುರಿ ರಕ್ತಕ್ಕೂ ಸೇರುವುದು ಕೋಬಾಲ್ಟ್, ಕ್ರೋಮಿಯಂ. 2010ರ ಆಗಸ್ಟ್‌ನಲ್ಲಿ ಎಎಸ್‌ಆರ್ ಎಂಬ ಇಂಥ ಜೋಡಿಯ ಮಾದರಿಯನ್ನು ಜಗತ್ತಿನಾದ್ಯಂತ ಹಿಂದಕ್ಕೆ ಕರೆಸಿಕೊಳ್ಳಲಾಯಿತು. ಭಾರತದಲ್ಲೂ ಅದನ್ನು ಹಾಕಿಸಿಕೊಂಡವರಿದ್ದರು. ಅಂಥ ಜೋಡಿ ಇರುವವರು ನೋವಿಲ್ಲದಿದ್ದರೂ ರಕ್ತದ ಕೋಬಾಲ್ಟ್ ನೋಡಿಸಬೇಕು. ಲೀಟರಿಗೆ 7 ಮೈಕ್ರೋಗ್ರಾಂ ದಾಟಿದರೆ ಹೆಚ್ಚಿನ ತಪಾಸಣೆ ಬೇಕೆಂದು ಬ್ರಿಟನ್ ಗೆರೆ ಎಳೆದಿತ್ತು.

ಇಂಪ್ಲಾಂಟಿನ ಪೆಟ್ಟಿಗೆಯಲ್ಲಿ ಅಂಟುಚೀಟಿಗಳಿರುತ್ತವೆ: ವಸ್ತು, ಚೆಂಡಿನ ಅಳತೆ, ಲಾಟ್ ನಂಬರು. ಅವನ್ನು ಡಿಸ್ಚಾರ್ಜ್ ಕಾಗದಕ್ಕೆ ಅಂಟಿಸಿಕೊಡಲು ಕೇಳಿ. ಮುಂದೆ ಎಕ್ಸ್‌ರೇಯಲ್ಲಿ ಚೆಂಡು ಬಟ್ಟಲಿನ ನಡು ಬಿಟ್ಟು ಮೇಲಕ್ಕೆ ಸರಿದದ್ದು ಕಂಡರೆ, ಡಾಕ್ಟರು ಮೊದಲು ಹುಡುಕುವುದು ಆ ಚೀಟಿಯನ್ನೇ.